ಓಡೋರು ನಾವು, ಬಾವುಟ ಅವರದು

ಚಿಕ್ಕಮಗಳೂರಿನಲ್ಲಿ ಈಗ ಯಾವುದಕ್ಕೆ ಬೇಕಾದರೂ ಓಡುತ್ತಾರೆ. ಕ್ಯಾನ್ಸರ್‌ಗೆ ಓಡುತ್ತಾರೆ, ಕೆರೆಗೆ ಓಡುತ್ತಾರೆ, ಹೆಣ್ಣುಮಕ್ಕಳ ಓದಿಗೆ ಓಡುತ್ತಾರೆ. ಪ್ಲಾಸ್ಟಿಕ್ ಬೇಡ ಅಂತ ಓಡಿ, ದಾರಿಯುದ್ದಕ್ಕೂ ಪ್ಲಾಸ್ಟಿಕ್ ಬಾಟಲಿ ಬಿಸಾಕಿ ಬರುತ್ತಾರೆ. ಡಿಸೆಂಬರ್ ಚಳಿ ಶುರುವಾದರೆ ಸಾಕು, ಎಂ.ಜಿ. ರೋಡಿನ ಎರಡೂ ಕಡೆ ಫ್ಲೆಕ್ಸು. ಫ್ಲೆಕ್ಸಿನ ಒಂದು ಮೂಲೆಯಲ್ಲಿ ಓಡುವವರ ಚಿತ್ರ, ಹೆಬ್ಬೆಟ್ಟಿನಷ್ಟು. ಮಿಕ್ಕ ಜಾಗದಲ್ಲೆಲ್ಲ ಓಡದವರು ಕೈ ಮುಗಿದುಕೊಂಡು ನಿಂತಿರುತ್ತಾರೆ.

ಈ ಸಲದ ಓಟ ಕಾಲುಸಂಕಕ್ಕೆ. ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಬಯಲುಸೀಮೆಯವರಿಗಾಗಿ ಒಂದು ಮಾತು: ಹಳ್ಳಕ್ಕೆ ಅಡ್ಡಲಾಗಿ ಎರಡು ಮರ ಕೆಡವಿ, ಹಿಡಿದುಕೊಳ್ಳಲು ಒಂದು ಬಿದಿರು ಕಟ್ಟಿದರೆ ಅದೇ ಕಾಲುಸಂಕ. ಬೇಸಿಗೆಯಲ್ಲಿ ಅದು ಬೇಕಾಗಿಲ್ಲ, ಮಳೆಗಾಲದಲ್ಲಿ ಅದು ಇರಲ್ಲ. ಇದ್ದರೂ ಪಾಚಿ ಹಿಡಿದಿರುತ್ತದೆ. ಅದರ ಮೇಲೆ ಮಕ್ಕಳು ಬ್ಯಾಗು ಹೊತ್ತು ಶಾಲೆಗೆ ಹೋಗಬೇಕು. ಕಳಸ, ಶೃಂಗೇರಿ, ಮೂಡಿಗೆರೆ ಕಡೆಯ ಹಳ್ಳಿಗಳಿಂದ ಕಾಯಿಲೆಯವರನ್ನು ಜೋಳಿಗೆಯಲ್ಲಿ ಹೊತ್ತು ತರುವ ಫೋಟೋ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ನಾವು ಕಾಫಿ ಕುಡಿಯುತ್ತಾ ‘ಅಯ್ಯೋ ಪಾಪ’ ಅಂದು ಪುಟ ತಿರುಗಿಸುತ್ತೇವೆ. ಈ ಸಲ ಪುಟ ತಿರುಗಿಸುವ ಬದಲು ಕಳಸದ ಕಡೆಯ ಒಂದು ಹಳ್ಳಿಗೆ ಗಟ್ಟಿ ಸಂಕ ಕಟ್ಟಿಸಲು ಹಣ ಎತ್ತೋಣ, ಅದಕ್ಕಾಗಿ ಓಡೋಣ ಅಂತ ತೀರ್ಮಾನವಾಯಿತು.

ಸಂಕ ಕಟ್ಟಿಸಬೇಕಾದವರು ಯಾರು ಅಂತ ಕೇಳಬೇಡಿ. ಅವರೇ ಬಾವುಟ ಬೀಸೋಕೆ ಬರುತ್ತಿದ್ದಾರೆ.

ನಮ್ಮ ಬೀದಿಯ ಯಜಮಾನರೊಬ್ಬರು ಈ ಓಟಕ್ಕೆಂದೇ ಐವತ್ತು ದಾಟಿದ ಮೇಲೆ ಓಡಲು ಶುರು ಮಾಡಿದರು. ಮೂಲೆಯಂಗಡಿಯಿಂದ ಹಾಲು ತರೋಕೂ ಸ್ಕೂಟರ್ ತೆಗೆಯುವವರು. ಈಗಲೂ ಸ್ಕೂಟರಿನಲ್ಲೇ ಹೋಗುತ್ತಾರೆ. ಓಡುವ ಶಕ್ತಿಯೆಲ್ಲ ಹಾಲಿಗೆ ಖರ್ಚಾಗಿಬಿಟ್ಟರೆ ಹೇಗೆ? ಬೆಳಿಗ್ಗೆ ಅದೇ ಸ್ಕೂಟರಿನಲ್ಲಿ ಜಿಲ್ಲಾ ಕ್ರೀಡಾಂಗಣಕ್ಕೆ ಹೋಗಿ, ನಾಲ್ಕು ಸುತ್ತು ಓಡಿ, ಸ್ಕೂಟರಿನಲ್ಲಿ ವಾಪಸ್. ಹನ್ನೊಂದು ಸಾವಿರದ ಶೂ ಬಂತು. ಎದೆ ಎಷ್ಟು ಸಲ ಬಡಿಯಿತು ಅಂತ ಹೇಳುವ ವಾಚು ಬಂತು. ಬಾಳೆಹಣ್ಣು ಯಾವಾಗ ತಿನ್ನಬೇಕು, ಅನ್ನ ಯಾವಾಗ ಉಣ್ಣಬೇಕು ಅಂತ ಮೊಬೈಲಿನಲ್ಲಿ ಒಂದು ಪಟ್ಟಿ ಬಂತು. ಮನೆಯವರು ಏನಾದರೂ ಅಂದರೆ ಫೌಜಾ ಸಿಂಗ್ ಹೆಸರು ಎತ್ತುತ್ತಿದ್ದರು. “ಆ ಅಜ್ಜ ನೂರನೇ ವಯಸ್ಸಲ್ಲಿ, 2011ರಲ್ಲಿ, ಟೊರಾಂಟೊದಲ್ಲಿ ಪೂರಾ ಮ್ಯಾರಥಾನ್ ಓಡಿದ್ರು ಕಣೇ. 42 ಕಿಲೋಮೀಟರ್! ನಂದೇನು ಮಹಾ, ಹತ್ತು.”

“ಅವರು ಹಾಲು ತರೋಕೆ ಸ್ಕೂಟರಲ್ಲಿ ಹೋಗ್ತಿದ್ರಾ?” ಅಂದರು ಮನೆಯವರು.

ಓಟಕ್ಕಿಂತ ಕಷ್ಟದ ಕೆಲಸ ಹಣ ಎತ್ತುವುದು. ಯಜಮಾನರು ಕ್ಯೂಆರ್ ಕೋಡ್ ಇರುವ ಒಂದು ಕಾರ್ಡು ಮಾಡಿಸಿ ಎಲ್ಲ ಗ್ರೂಪಿಗೂ ಹಾಕಿದರು. ಕಿಲೋಮೀಟರಿಗೆ ನೂರು ರೂಪಾಯಿ. ನಮ್ಮ ಕಡೆಯ ಪ್ಲಾಂಟರ್ ಒಬ್ಬರಿಗೆ ಈ ಲೆಕ್ಕ ಹತ್ತಲೇ ಇಲ್ಲ. “ಅಲ್ರೀ, ಕಾಫಿ ಕುಯ್ಯೋರಿಗೆ ನಾನು ಕೇಜಿಗೆ ಇಷ್ಟು ಅಂತ ಕೊಡ್ತೀನಿ. ನೀವು ಹತ್ತು ಕಿಲೋಮೀಟರ್ ಹೋಗಿ ಏನು ಕುಯ್ಕೊಂಡು ಬರ್ತೀರಿ?” ಅಂತ ಕೇಳಿದರು. ಸುಮ್ನೆ ಕೇಳಿದ್ದಲ್ಲ, ನಿಜವಾಗಿಯೂ ಗೊತ್ತಾಗದೆ ಕೇಳಿದ್ದು.

ಓಡುವವನ ಹೆಸರಿನಲ್ಲಿ ದಾನ ಎತ್ತುವುದು ದೊಡ್ಡ ಮಟ್ಟಕ್ಕೆ ಬೆಳೆದದ್ದು ಲಂಡನ್ನಿನಲ್ಲಿ. ಅಲ್ಲಿನ ಮ್ಯಾರಥಾನ್ 1981ರಲ್ಲಿ ಶುರುವಾಯಿತು. ಅದರ ಓಟಗಾರರು ಇಲ್ಲಿಯವರೆಗೆ ಎತ್ತಿದ ಹಣ ನೂರು ಕೋಟಿ ಪೌಂಡ್ ದಾಟಿದೆ. ಘೇಂಡಾಮೃಗ ಉಳಿಸಿ ಅಂತ ಘೇಂಡಾಮೃಗದ ವೇಷ ಹೊತ್ತು ಓಡುವವರೂ ಅಲ್ಲಿದ್ದಾರೆ. (ಆನೆ ವೇಷ ಹಾಕಿಕೊಂಡು ಮೂಡಿಗೆರೆ ರಸ್ತೆಯಲ್ಲಿ ಓಡಿ ನೋಡಿ. ಸಂಜೆಯೊಳಗೆ ಕುತ್ತಿಗೆಗೆ ರೇಡಿಯೋ ಕಾಲರ್ ಬಿದ್ದಿರುತ್ತದೆ.) ಮುಂಬೈ 2004ರಲ್ಲಿ ಶುರುಮಾಡಿತು, ಬೆಂಗಳೂರು 2008ರಲ್ಲಿ ಹತ್ತು ಕಿಲೋಮೀಟರಿನ ದೊಡ್ಡ ಓಟ ಇಟ್ಟುಕೊಂಡಿತು. ಅಲ್ಲಿಂದ ಕಡೂರು ದಾಟಿ ನಮ್ಮೂರಿಗೆ ಬರುವ ಹೊತ್ತಿಗೆ ಅದು ಮದುವೆ ಮನೆಯ ಮುಯ್ಯಿ ಇದ್ದ ಹಾಗೆ ಆಗಿಬಿಟ್ಟಿದೆ. ಅವರ ಓಟಕ್ಕೆ ನೀವು ಸಾವಿರ ಹಾಕಿದರೆ, ನಿಮ್ಮ ಮಗಳು ಓಡುವಾಗ ಅವರು ಸಾವಿರ ಹಾಕಬೇಕು. ಐನೂರು ಹಾಕಿದರೆ ಎರಡು ಮನೆಗೂ ಮಾತಿಲ್ಲ.

ಸಮಿತಿಯ ಸಭೆಯಲ್ಲಿ ಒಬ್ಬ ಮೇಷ್ಟ್ರು ಟೆರ್ರಿ ಫಾಕ್ಸ್ ಕಥೆ ಹೇಳಿದರು. ಕೆನಡಾದ ಹುಡುಗ. ಮೂಳೆ ಕ್ಯಾನ್ಸರಿನಿಂದ 1977ರಲ್ಲಿ ಬಲಗಾಲು ತೆಗೆದರು. 1980ರಲ್ಲಿ ಕೃತಕ ಕಾಲು ಕಟ್ಟಿಕೊಂಡು ದೇಶವನ್ನೇ ಓಡಿ ದಾಟುತ್ತೇನೆ ಅಂತ ಹೊರಟ. ದೇಶದವರೆಲ್ಲ ತಲೆಗೊಂದು ಡಾಲರ್ ಕೊಡಲಿ, ಕ್ಯಾನ್ಸರ್ ಸಂಶೋಧನೆಗೆ ಆಗುತ್ತದೆ ಅನ್ನುವುದು ಅವನ ಲೆಕ್ಕ. 143 ದಿನ, 5,373 ಕಿಲೋಮೀಟರ್ ಓಡಿದ. ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿ ನಿಲ್ಲಿಸಬೇಕಾಯಿತು. ಮಾರನೆಯ ವರ್ಷ ತೀರಿಕೊಂಡಾಗ ಅವನಿಗೆ 22. ಅವನ ಹೆಸರಿನ ಓಟ ಈಗಲೂ ನಡೆಯುತ್ತದೆ. ಅದರಲ್ಲಿ ಸ್ಪರ್ಧೆ ಇಲ್ಲ, ಗೆದ್ದವರು ಸೋತವರು ಅಂತ ಇಲ್ಲ. ಸಭೆಯಲ್ಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಖಜಾಂಚಿ ಕೆಮ್ಮಿ, “ಅದೆಲ್ಲ ಸರಿ ಮೇಷ್ಟ್ರೆ, ಮೆಡಲ್ ಇಲ್ದೆ ಇದ್ರೆ ನಮ್ಮೂರಲ್ಲಿ ಯಾರು ಬರ್ತಾರೆ?” ಅಂದರು. ಮೇಷ್ಟ್ರು ಕೂತುಕೊಂಡರು.

ನೋಂದಣಿಗೆ 600 ರೂಪಾಯಿ ಅಂತ ಇಟ್ಟರು. ಅದರೊಳಗೆ ಟೀ ಶರ್ಟು, ಮೆಡಲು, ಎದೆಗೆ ಪಿನ್ ಹಾಕುವ ನಂಬರು, ಬಾಳೆಹಣ್ಣು, ಓಡಿದ ಮೇಲೆ ಉಪ್ಪಿಟ್ಟು ಕೇಸರಿಬಾತು. ಆಮೇಲೆ ಶಾಮಿಯಾನ, ಡಿಜೆ, ಮೇಲಿಂದ ಚಿತ್ರ ತೆಗೆಯಲು ಡ್ರೋನು. ವೇದಿಕೆಗೆ ಬಂದವರಿಗೆ ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ. ವೇದಿಕೆಯಲ್ಲಿ ಹದಿನೆಂಟು ಜನ ಇದ್ದರು, ಹದಿನೆಂಟು ಪೇಟ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಇಷ್ಟೆಲ್ಲ ಕಳೆದು ಉಳಿದದ್ದರಲ್ಲಿ ಸಂಕಕ್ಕೆ ಮೊಳೆ ಬರುತ್ತದೆ, ಮರ ಬರಲ್ಲ. ಇದರ ಮಧ್ಯೆ ಒಬ್ಬರು ಬಂದು 600 ರೂಪಾಯಿಗೆ 80ಜಿ ರಸೀದಿ, ಅಂದರೆ ದಾನಕ್ಕೆ ತೆರಿಗೆ ವಿನಾಯಿತಿ ಸಿಗುವ ರಸೀದಿ, ಕೊಡಿ ಅಂತ ಕೂತರು. ಟೀ ಶರ್ಟು ಹಾಕಿಕೊಂಡೇ ಕೇಳುತ್ತಿದ್ದರು.

ಚೆಕ್ಕಿನ ವಿಷಯಕ್ಕೆ ಬರೋಣ. ನಿಜವಾದ ಚೆಕ್ಕು ಅಂಗೈಯಗಲ ಇರುತ್ತದೆ, ಅದು ಫೋಟೋದಲ್ಲಿ ಕಾಣಲ್ಲ. ಹಾಗಾಗಿ ದಪ್ಪ ಬೋರ್ಡಿನ ಮೇಲೆ ಎಂಟು ಅಡಿ ಉದ್ದದ ಚೆಕ್ಕು ಪ್ರಿಂಟ್ ಮಾಡಿಸಿದರು. ಅದನ್ನು ಹಿಡಿಯಲು ಆರು ಜನ ಬೇಕಾಯಿತು, ಹಿಡಿಯಲು ಮುಂದೆ ಬಂದವರು ಹದಿನಾಲ್ಕು. ಹಳ್ಳಕ್ಕೆ ಅಡ್ಡ ಹಾಕಿದ್ದರೆ ಮಕ್ಕಳು ಅದರ ಮೇಲೇ ದಾಟಬಹುದಿತ್ತು.

ಓಟದ ದಾರಿ ಆಜಾದ್ ಪಾರ್ಕಿನಿಂದ ಹೊರಟು ಕೈಮರದ ಕಡೆ ಐದು ಕಿಲೋಮೀಟರ್ ಹೋಗಿ ವಾಪಸ್. ಆ ದಾರಿಯಲ್ಲಿ ಕೆಲವು ಗುಂಡಿಗಳಿದ್ದವು. ನಾವೆಲ್ಲ ಅವುಗಳನ್ನು ಹೆಸರಿಟ್ಟು ಗುರುತಿಸುವಷ್ಟು ಹಳೆಯವು. ಶನಿವಾರ ರಾತ್ರಿ ಲಾರಿ ಬಂತು, ರೋಲರ್ ಬಂತು, ಬೆಳಗಾಗುವಷ್ಟರಲ್ಲಿ ಒಂದೂ ಇಲ್ಲ. ಗಣ್ಯರ ಕಾರು ಬರುವ ಕಡೆ ಮಾತ್ರ ಡಾಂಬರು, ಅಡ್ಡರಸ್ತೆಗೆ ತಿರುಗಿದ ಕೂಡಲೇ ಮತ್ತೆ ನಮ್ಮ ಹಳೆಯ ಸ್ನೇಹಿತರು.

ಇದರಲ್ಲಿ ನಮ್ಮವರ ತಪ್ಪೇನೂ ಇಲ್ಲ ಬಿಡಿ. ದೊಡ್ಡವರಿಗೆ ಅನುಕೂಲ ಮಾಡಿಕೊಡುವುದು ಈ ಓಟದ ರಕ್ತದಲ್ಲೇ ಇದೆ. ಮ್ಯಾರಥಾನ್ ಉದ್ದ 42.195 ಕಿಲೋಮೀಟರ್ ಯಾಕಾಯಿತು ಗೊತ್ತಾ? 1908ರ ಲಂಡನ್ ಒಲಿಂಪಿಕ್ಸಿನಲ್ಲಿ ವಿಂಡ್ಸರ್ ಅರಮನೆಯ ಹತ್ತಿರ ಓಟ ಶುರು ಮಾಡಿ, ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂತ ಜಾಗದ ಎದುರಿಗೇ ಮುಗಿಸಿದರು. ಅಳೆದರೆ ಇಷ್ಟು ಬಂತು. 1921ರಲ್ಲಿ ಅದೇ ಅಳತೆ ಕಾಯಂ ಆಯಿತು. ಅಂದರೆ ಇವತ್ತಿಗೂ ಜಗತ್ತಿನ ಮೂಲೆಮೂಲೆಯಲ್ಲಿ ಜನ ಕಾಲು ಸೆಳೆತು ಕುಂಟುತ್ತಾ ಮುಗಿಸುವ ಆ ಕೊನೆಯ ಕೆಲವು ನೂರು ಮೀಟರ್, ವಿಐಪಿ ಸೀಟಿಗಾಗಿ ಓಡುವುದು. ಆಜಾದ್ ಪಾರ್ಕಿನಲ್ಲಿ ವೇದಿಕೆ ಇದ್ದ ಕಡೆಗೇ ಓಟದ ಗೆರೆ ಎಳೆದರೆ ನಾವು ಯಾಕೆ ಬೇಜಾರು ಮಾಡಿಕೊಳ್ಳಬೇಕು?

ಆರು ಗಂಟೆಗೆ ಓಟ ಅಂದಿದ್ದರು. ಶಾಲೆ ಮಕ್ಕಳನ್ನು ಐದೂವರೆಗೇ ತಂದು ಸಾಲಾಗಿ ನಿಲ್ಲಿಸಿದ್ದರು. ಸ್ವೆಟರ್ ಮೇಲೆ ಟೀ ಶರ್ಟು, ಹಲ್ಲು ಕಟಕಟ. ಯಜಮಾನರು ಮೂರು ಸಲ ಮೈ ಬಿಸಿ ಮಾಡಿಕೊಂಡು ಮೂರು ಸಲ ತಣ್ಣಗಾದರು. ಏಳೂಮುಕ್ಕಾಲಿಗೆ ಕಾರುಗಳು ಬಂದವು. ಹಾರ ಆಯಿತು, ಪೇಟ ಆಯಿತು, ಭಾಷಣ ಶುರುವಾಯಿತು. “ನಾನು ಕೂಡ ಹಳ್ಳಿಯಿಂದ ಬಂದವನು. ಚಿಕ್ಕವನಿದ್ದಾಗ ಕಾಲುಸಂಕ ದಾಟಿಕೊಂಡೇ ಶಾಲೆಗೆ ಹೋಗ್ತಿದ್ದೆ,” ಅಂದರು ಗಣ್ಯರು. ಧ್ವನಿ ಸ್ವಲ್ಪ ನಡುಗಿತು. “ಆ ಸಂಕ ಇವತ್ತಿಗೂ ಹಾಗೇ ಇದೆ!”

ಚಪ್ಪಾಳೆ ಬಿತ್ತು. ನಾನು ಸುತ್ತಲೂ ನೋಡಿದೆ. ಯಾರಿಗೂ ಏನೂ ಅನಿಸಿದ ಹಾಗೆ ಕಾಣಲಿಲ್ಲ. ಡಿಜೆಯವನು ಸಿಳ್ಳೆ ಸೌಂಡ್ ಬೇರೆ ಹಾಕಿದ.

ಬಾವುಟ ಬಿತ್ತು, ಜನ ಓಡಿದರು. ಅಷ್ಟರಲ್ಲಿ ನಾನು ಊರಾಚೆಯ ತಿರುವಿಗೆ ಹೋಗಿ ನಿಂತಿದ್ದೆ. ಅಲ್ಲಿ ಹಗ್ಗ ಕಟ್ಟಿ ಗಾಡಿಗಳನ್ನು ತಡೆದಿದ್ದರು. ಎಲ್ಲಕ್ಕಿಂತ ಮುಂದೆ ಒಂದು ಪಿಕಪ್, ಅದರ ತುಂಬಾ ತೋಟಕ್ಕೆ ಹೊರಟ ಹೆಂಗಸರು. ತಲೆಗೆ ಟವೆಲ್ ಸುತ್ತಿಕೊಂಡು, ಸೀರೆ ಮೇಲೆ ಹಳೇ ಶರ್ಟು ಹಾಕಿಕೊಂಡು, ಬುತ್ತಿ ಡಬ್ಬಿ ಹಿಡಿದು ಒತ್ತೊತ್ತಾಗಿ ನಿಂತಿದ್ದರು. ಕಾಫಿ ಕುಯ್ಲಿನ ದಿನಗಳು, ಕೂಲಿ ಕುಯ್ದ ಕೇಜಿಗೆ. ತೋಟ ತಲುಪುವುದು ಎರಡು ಗಂಟೆ ತಡವಾದರೆ ಎರಡು ಗಂಟೆಯ ಹಣ್ಣು ಹೋಯಿತು. ಡ್ರೈವರ್ ಸ್ಟೇರಿಂಗ್ ಮೇಲೆ ಗದ್ದ ಇಟ್ಟುಕೊಂಡು ಕೂತಿದ್ದ. ಮುಂದೆ ನಿಂತಿದ್ದ ಅಜ್ಜಿಯೊಬ್ಬರು ಓಡುವವರನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅವರು ಬಂದ ದಿಕ್ಕಿಗೆ ಕತ್ತು ಚಾಚಿ ನೋಡಿದರು.

“ಹಿಂದೆ ಆನೆ ಏನಾದ್ರೂ ಬರ್ತಾ ಉಂಟಾ ಮಗಾ?”

ಹಗ್ಗ ಹಿಡಿದಿದ್ದ ಕಾಲೇಜು ಹುಡುಗ ನಕ್ಕ. “ಇಲ್ಲ ಅಜ್ಜಿ, ಕಾಲುಸಂಕ ಕಟ್ಸೋಕೆ ಓಡ್ತಿದಾರೆ.”

“ಸಂಕ ಎಲ್ಲಿ?”

“ಕಳಸದ ಕಡೆ ಅಂತೆ.”

“ಮತ್ತೆ ಈ ಕಡೆ ಯಾಕೆ ಓಡ್ತಾರೆ?”

ಹುಡುಗ ಮೊಬೈಲು ನೋಡತೊಡಗಿದ.

ಯಜಮಾನರು ಮುಗಿಸಿದರು. ಆರು ಕಿಲೋಮೀಟರ್ ಓಡಿ, ಮಿಕ್ಕಿದ್ದು ನಡೆದು, ಗೆರೆ ದಾಟಿ ವಾಚು ನೋಡಿದರೆ 9.7. ಮೆಡಲು ಕೊರಳಿಗೆ ಬಿದ್ದಿದ್ದರೂ ಬಿಡಲಿಲ್ಲ. ಉಪ್ಪಿಟ್ಟಿನ ಕ್ಯೂ ಸುತ್ತ ಓಡಿ ಉಳಿದ 300 ಮೀಟರ್ ಮುಗಿಸಿದರು. ಇನ್ನೊಂದು ಮಾತು ಹೇಳಲೇಬೇಕು. ಅವರು ತಮ್ಮ ಕಾರ್ಡಿನಿಂದ ಎತ್ತಿದ ಹಣವನ್ನು ಒಂದು ರೂಪಾಯಿ ಬಿಡದೆ ಕೊಟ್ಟರು. ಶೂ ಅವರದೇ ದುಡ್ಡಿನದು. ಆ ವೇದಿಕೆಯಲ್ಲಿ ಪೇಟ ಹಾಕಿಸಿಕೊಂಡ ಹದಿನೆಂಟು ಜನರಲ್ಲಿ ಎಷ್ಟು ಜನ ಕೈಯಿಂದ ಬಿಚ್ಚಿದರು ಅಂತ ಕೇಳಿದರೆ ಖಜಾಂಚಿ ಮತ್ತೆ ಕೆಮ್ಮುತ್ತಾರೆ.

ಚೆಕ್ಕು ಇಸಿದುಕೊಳ್ಳಲು ಹಳ್ಳಿಯಿಂದ ಒಬ್ಬರನ್ನು ಕರೆಸಿದ್ದರು. ಪಂಚೆ ಉಟ್ಟ ನಡುವಯಸ್ಸಿನ ಮನುಷ್ಯ. ಎಂಟು ಅಡಿ ಚೆಕ್ಕಿನ ಹಿಂದೆ ನಿಂತು ಬರೀ ತಲೆ ಕಾಣುತ್ತಿತ್ತು. ಫೋಟೋ ಎಲ್ಲ ಮುಗಿದ ಮೇಲೆ ಅವರು ಸಮಿತಿಯವರ ಹತ್ತಿರ ಬಂದು ಮೆತ್ತಗೆ ಹೇಳಿದರು. “ಸಾರ್, ತಪ್ಪು ತಿಳ್ಕೋಬೇಡಿ. ದುಡ್ಡು ಬೇಡ. ಬರೋ ವರ್ಷದ ಓಟಾನೇ ನಮ್ಮೂರಲ್ಲಿ ಇಟ್ಕೊಳ್ಳಿ. ಬಾವುಟ ಬೀಸೋರು ಬರ್ತಾರೆ ಅಂದ್ರೆ ರಾತ್ರೋರಾತ್ರಿ ರೋಡೂ ಆಗುತ್ತೆ, ಸಂಕಾನೂ ಆಗುತ್ತೆ. ಉಪ್ಪಿಟ್ಟು ನಾವೇ ಮಾಡ್ತೀವಿ. ಬೇಕಾದ್ರೆ ಕಡುಬು ಮಾಡ್ತೀವಿ.”

ಸಮಿತಿ ಇದನ್ನು ಗಂಭೀರವಾಗಿಯೇ ತೆಗೆದುಕೊಂಡಿತು. ಮುಂದಿನ ವಾರದ ಸಭೆಯಲ್ಲಿ ಒಂದು ಗಂಟೆ ಚರ್ಚೆ ನಡೆಯಿತು. ಅಲ್ಲಿ ನೆಟ್‌ವರ್ಕ್ ಇಲ್ಲ, ಲೈವ್ ಹೋಗಲ್ಲ. ಶಾಮಿಯಾನ ಹಾಕೋಕೆ ಸಮತಟ್ಟು ಜಾಗ ಇಲ್ಲ. ಇವೆರಡನ್ನೂ ಹೇಗೋ ನಿಭಾಯಿಸಬಹುದು ಅಂದುಕೊಳ್ಳುವಾಗ ಕಾರ್ಯದರ್ಶಿಗಳು ನಿಜವಾದ ತೊಡಕು ಎತ್ತಿದರು. “ಅಲ್ಲಿಗೆ ಸಾಹೇಬ್ರ ಕಾರು ಹೋಗಲ್ವಲ್ಲ. ರೋಡೇ ಇಲ್ಲ.”

ಎಲ್ಲರಿಗೂ ಹೌದು ಅನಿಸಿತು. ಹಾಗಾಗಿ ಮುಂದಿನ ವರ್ಷದ ಓಟ ಆ ಊರಿನ ರೋಡಿಗಾಗಿ ಅಂತ ಅಲ್ಲೇ ತೀರ್ಮಾನವಾಯಿತು. ಹೊರಡುವ ಜಾಗ ಆಜಾದ್ ಪಾರ್ಕ್. ಬಾವುಟಕ್ಕೆ ಅವರೇ, ಡೇಟು ಕೊಟ್ಟಾಗಿದೆ.