ಗೆರೆ ಮತ್ತು ಕೆರೆ

ಮಕ್ಕಳು ಗೋಡೆಗೆ ಬರೆಯುವುದು ನಮ್ಮ ಮೊಣಕಾಲಿಗಿಂತ ಮೇಲೆ, ಸೊಂಟಕ್ಕಿಂತ ಕೆಳಗೆ. ಹೀಗಾಗಿ ಒರೆಸುವವರು ನಿಂತೂ ಒರೆಸುವಂತಿಲ್ಲ, ಕೂತೂ ಒರೆಸುವಂತಿಲ್ಲ.

ಪಕ್ಕದಲ್ಲೇ ಕಾಗದ ಇರುತ್ತದೆ. ಆದರೆ ಕಾಗದ ಜರುಗುತ್ತದೆ, ಸುಕ್ಕಾಗುತ್ತದೆ, ಬೇಗ ಮುಗಿದೂ ಹೋಗುತ್ತದೆ. ಗೋಡೆಗೆ ಆ ತಾಪತ್ರಯ ಒಂದೂ ಇಲ್ಲ. ಇಡೀ ತೋಳು ಬೀಸಿ ಗೆರೆ ಎಳೆಯಬಹುದು. ಮೂರು-ನಾಲ್ಕು ವರ್ಷದವರು ಬರೆಯುವ ಮನುಷ್ಯರಿಗೆ ಸಾಮಾನ್ಯವಾಗಿ ಹೊಟ್ಟೆಯೇ ಇರುವುದಿಲ್ಲ, ತಲೆಯಿಂದಲೇ ಕಾಲು ಹೊರಡುತ್ತದೆ. ಇದು ಯಾರಪ್ಪಾ ಅಂತ ಕೇಳಿದರೆ "ನೀನೇ" ಅನ್ನುತ್ತಾರೆ. ಸಿಟ್ಟು ಮಾಡಬೇಕೋ, ಹೊಟ್ಟೆ ಕರಗಿದ್ದಕ್ಕೆ ಖುಷಿಪಡಬೇಕೋ!

ಇರಲಿ, ಒರೆಸೋಣ. ಮಕ್ಕಳಿಗೆಂದೇ ಮಾಡಿದ, ತೊಳೆದರೆ ಹೋಗುವ ಮಾರ್ಕರ್ ಆದರೆ ಒದ್ದೆ ಬಟ್ಟೆ, ಒಂದು ತೊಟ್ಟು ಸೋಪು ಸಾಕು. ವೈಟ್‌ಬೋರ್ಡ್ ಮಾರ್ಕರ್ ಮಾತ್ರ ನಂಬಿಸಿ ಕೈಕೊಡುವ ಜಾತಿ. ನುಣ್ಣನೆಯ ಬೋರ್ಡಿನ ಮೇಲೆ ಬೆರಳು ತಾಗಿದರೂ ಅಳಿಸಿಹೋಗುತ್ತದೆ. ಅದೇ ಗೋಡೆಯ ಸಣ್ಣ ತೂತುಗಳೊಳಗೆ ಇಳಿದರೆ ಜಪ್ಪಯ್ಯ ಅಂದರೂ ಬರುವುದಿಲ್ಲ.

ಪರ್ಮನೆಂಟ್ ಮಾರ್ಕರ್ ಹೆಸರಲ್ಲೇ ಎಲ್ಲವನ್ನೂ ಹೇಳಿಬಿಟ್ಟಿರುತ್ತದೆ. 1953ರಲ್ಲಿ ಅಮೆರಿಕದ ಸಿಡ್ನಿ ರೋಸೆಂತಾಲ್ 'ಮ್ಯಾಜಿಕ್ ಮಾರ್ಕರ್' ತಂದಾಗ, ಯಾವುದರ ಮೇಲಾದರೂ ಬರೆಯುತ್ತದೆ ಅನ್ನುವುದೇ ಅದರ ಹೆಚ್ಚುಗಾರಿಕೆಯಾಗಿತ್ತು. ಮಗು ಅದನ್ನು ಪರೀಕ್ಷೆ ಮಾಡಿ ನೋಡಿದೆ ಅಷ್ಟೆ. ಇಂಥ ಮಾರ್ಕರಿನ ಬಣ್ಣ ಆಲ್ಕೋಹಾಲ್‌ನಂಥ ದ್ರಾವಕದಲ್ಲಿ ಕರಗಿರುತ್ತದೆ, ಜೊತೆಗೆ ಅಂಟಿಕೊಳ್ಳುವ ರಾಳವೂ ಇರುತ್ತದೆ. ದ್ರಾವಕ ಕ್ಷಣದಲ್ಲಿ ಆರಿಹೋಗುತ್ತದೆ, ಬಣ್ಣ ಅಲ್ಲೇ ಕೂತುಬಿಡುತ್ತದೆ. ಆಮೇಲೆ ಅದು ನೀರಿಗೆ ಜಗ್ಗುವುದಿಲ್ಲ. ಮತ್ತೆ ಆಲ್ಕೋಹಾಲೇ ಬೇಕು. ಕೈಗೆ ಹಚ್ಚುವ ಸ್ಯಾನಿಟೈಸರ್ ಇಲ್ಲಿ ಉಪಯೋಗಕ್ಕೆ ಬರುವುದು ಇದಕ್ಕೇ. ಅದರಲ್ಲಿ ಸಾಮಾನ್ಯವಾಗಿ ಶೇ. 60ಕ್ಕಿಂತ ಜಾಸ್ತಿ ಆಲ್ಕೋಹಾಲ್ ಇರುತ್ತದೆ. ಜೆಲ್ ಆಗಿದ್ದರೆ ಗೋಡೆಯಿಂದ ಇಳಿದುಹೋಗದೆ ನಿಲ್ಲುತ್ತದೆ ಕೂಡ. ಹತ್ತಿಯಿಂದ ಒತ್ತಿ ಒತ್ತಿ ತೆಗೆಯಬೇಕು. ಸುಮ್ನೆ ಉಜ್ಜಿದರೆ ಗೆರೆ ಹೋಗಿ ಮಸಿ ಹರಡುತ್ತದೆ.

ಆದರೆ ನನ್ನನ್ನು ಕೇಳಿದರೆ, ಮಾರ್ಕರ್ ಯಾವುದು ಅನ್ನುವುದಕ್ಕಿಂತ ಗೋಡೆ ಯಾವುದು ಅನ್ನುವುದೇ ದೊಡ್ಡ ಪ್ರಶ್ನೆ. ಆಯಿಲ್ ಪೇಂಟ್ ಗೋಡೆ ಸಾಕಷ್ಟು ತಡೆದುಕೊಳ್ಳುತ್ತದೆ. ಡಿಸ್ಟೆಂಪರ್ ಒದ್ದೆ ಬಟ್ಟೆಗೇ ಪುಡಿ ಬಿಡುತ್ತದೆ. ಎಲ್ಲರೂ ಹೇಳಿಕೊಡುವ ಟೂತ್‌ಪೇಸ್ಟ್, ಅಡುಗೆ ಸೋಡಾ, ಬಿಳಿ ಸ್ಪಂಜು ಇದಾವುದೂ ಕಲೆಯನ್ನು ಕರಗಿಸುವುದಿಲ್ಲ, ಕೆರೆಯುತ್ತವೆ. ಆ ಸ್ಪಂಜು ಮೆಲಮೈನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ನೊರೆ. ಮುಟ್ಟಲು ಮೆತ್ತಗಿದ್ದರೂ ಮಾಡುವುದು ಸ್ಯಾಂಡ್‌ಪೇಪರಿನ ಕೆಲಸವೇ. ಕಲೆ ಹೋಗುತ್ತದೆ, ಅದರ ಜೊತೆ ಪೇಂಟಿನ ಮೇಲ್ಪದರವೂ ಹೋಗುತ್ತದೆ. ಹೊಳಪಿಲ್ಲದ ಗೋಡೆ ಆ ಒಂದು ಜಾಗದಲ್ಲಿ ಮಿರಮಿರ ಮಿಂಚತೊಡಗುತ್ತದೆ. ದೀಪ ಹಾಕಿದರಂತೂ ಅಲ್ಲಿಗೇ ಕಣ್ಣು ಹೋಗುತ್ತದೆ. ಮಗು ಎಳೆದದ್ದು ಗೆರೆ, ನಾವು ತೋಡಿದ್ದು ಕೆರೆ!

ಏನೇ ಹಚ್ಚುವುದಿದ್ದರೂ ಮೊದಲು ಸೋಫಾದ ಹಿಂದೆ ಹಚ್ಚಿ ನೋಡಿ. ಉಗುರು ಬಣ್ಣ ತೆಗೆಯುವ ಅಸಿಟೋನ್ ಬೇಡ, ಅದು ಪೇಂಟನ್ನೇ ಎಬ್ಬಿಸಿಬಿಡುತ್ತದೆ. ಹಟಕ್ಕೆ ಬಿದ್ದು ಬ್ಲೀಚನ್ನೂ ಆಲ್ಕೋಹಾಲನ್ನೂ ಬೆರೆಸಿದರೆ ವಿಷವೇ ಹುಟ್ಟುತ್ತದೆ. ಗೋಡೆಯ ಮೇಲಿನ ಸಿಟ್ಟಿಗೆ ಅಷ್ಟು ದೂರ ಹೋಗಬೇಕಾ?

ಸಾಕಾಗಿ ಮೇಲೊಂದು ಕೋಟ್ ಹೊಡೆದರೂ ಮುಗಿಯುವುದಿಲ್ಲ. ನೀರಿನ ಪೇಂಟಿನೊಳಗಿಂದ ಪರ್ಮನೆಂಟ್ ಮಾರ್ಕರ್ ಮತ್ತೆ ಎದ್ದು ಬರುತ್ತದೆ. ಮೊದಲು ಶೆಲ್ಯಾಕ್, ಅಂದರೆ ಅರಗಿನ ಪ್ರೈಮರ್ ಹೊಡೆದು ಕಲೆಯನ್ನು ಒಳಗೇ ಕಟ್ಟಿಹಾಕಬೇಕು. ಆ ಜಾಗಕ್ಕಷ್ಟೇ ಬಣ್ಣ ಹಚ್ಚಿದರೆ ತೇಪೆ ಕಾಣುತ್ತದೆ, ಹಾಗಾಗಿ ಪೂರ್ತಿ ಗೋಡೆಗೆ ಹೊಡೆಯಬೇಕು. ಈ ಸಲ ಸ್ವಲ್ಪ ಹೊಳಪಿರುವ, ತೊಳೆಯಲು ಬರುವ ಪೇಂಟ್ ಆರಿಸಿಕೊಳ್ಳಿ. ಅದು ಕೈಗೆ ಅಂಟದಷ್ಟು ಬೇಗ ಆರಿದರೂ ಪೂರ್ತಿ ಗಟ್ಟಿಯಾಗಲು ಕೆಲವು ವಾರ ಬೇಕು. ಅಲ್ಲಿಯವರೆಗೆ ಗೋಡೆಯನ್ನು ತೊಳೆಯುವಂತಿಲ್ಲ, ಉಜ್ಜುವಂತಿಲ್ಲ. ಇದನ್ನು ಮಗುವಿಗೆ ಅರ್ಥ ಮಾಡಿಸುವ ಕೆಲಸ ನಿಮಗೇ ಬಿಟ್ಟಿದ್ದೇನೆ.