ಮಸ್ಕತ್‌ನ ಬೈಸಾ, ನಮ್ಮ ಪೈಸಾ

ಮೊನ್ನೆ ಚಿಕ್ಕಪ್ಪನ ಮಗ ಒಮಾನಿನ ಮಸ್ಕತ್‌ನಿಂದ ಊರಿಗೆ ಬಂದಿದ್ದ. ಜೇಬಿನಲ್ಲಿ ಉಳಿದಿದ್ದ ಪುಟ್ಟ ನೋಟೊಂದನ್ನು ನನ್ನ ಮಗಳ ಕೈಗಿಟ್ಟ. 100 ಬೈಸಾ. ಅಲ್ಲಿ ಸಾವಿರ ಬೈಸಾಕ್ಕೆ ಒಂದು ರಿಯಾಲ್. ನಮ್ಮ ಲೆಕ್ಕದಲ್ಲಿ ಈ ನೋಟಿಗೆ ಇಪ್ಪತ್ತು ಚಿಲ್ಲರೆ ರೂಪಾಯಿ.

"ಬೈಸಾ ಅಂದ್ರೆ ಪೈಸಾನಾ ಚಿಕ್ಕಪ್ಪ?" ಅಂದಳು.

ಹೌದು, ಅದೇ. ಅರಬ್ಬಿಯಲ್ಲಿ 'ಪ' ಇಲ್ಲ ನೋಡಿ, ನಮ್ಮ ಪೈಸಾ ಅಲ್ಲಿ ಬೈಸಾ ಆಯಿತು.

'ಒಂದು ಕಾಲದಲ್ಲಿ ಅರಬ್ ದೇಶಗಳಲ್ಲಿ ನಮ್ಮ ರೂಪಾಯಿ ನಡೀತಿತ್ತು, ಎಂಥಾ ವೈಭವ!' ಅಂತ ವಾಟ್ಸಾಪಿನಲ್ಲಿ ಆಗಾಗ ಬರುತ್ತದೆ. ನಡೀತಿದ್ದದ್ದು ನಿಜ. ಕುವೈತ್, ಬಹ್ರೇನ್, ಕತಾರ್, ದುಬೈ, ಒಮಾನ್, ಎಲ್ಲ ಕಡೆ. ಆದರೆ ವೈಭವ ಅನ್ನೋ ಮಾತು ನನಗೆ ಒಪ್ಪಿಗೆಯಿಲ್ಲ. ಆ ಭಾಗದ ಮೇಲುಸ್ತುವಾರಿಯನ್ನು ಬ್ರಿಟಿಷರು ಇಂಡಿಯಾದಿಂದಲೇ ನೋಡಿಕೊಳ್ಳುತ್ತಿದ್ದರು, ಅಲ್ಲಿನ ಮುತ್ತು ಬಾಂಬೆಗೆ ಬರುತ್ತಿತ್ತು. ರೂಪಾಯಿ ಅಲ್ಲಿಗೆ ಹೋದದ್ದು ಹಾಗೆ.

ಸ್ವಾತಂತ್ರ್ಯ ಬಂದ ಮೇಲೆ ಅದೇ ನಮಗೆ ತಲೆನೋವಾಯಿತು. ಇಲ್ಲಿ ಚಿನ್ನ ದುಬಾರಿ, ಅಲ್ಲಿ ಅಗ್ಗ. ಇಲ್ಲಿಂದ ನೋಟು ಕದ್ದು ಹೋಗುತ್ತಿತ್ತು, ಅಲ್ಲಿಂದ ಚಿನ್ನ ಕದ್ದು ಬರುತ್ತಿತ್ತು. ಆ ನೋಟುಗಳು ಬ್ಯಾಂಕುಗಳ ಮೂಲಕ ರಿಸರ್ವ್ ಬ್ಯಾಂಕಿಗೆ ವಾಪಸ್ ಬಂದಾಗ ನಾವು ಪೌಂಡ್ ಎಣಿಸಿ ಕೊಡಬೇಕು! ಮೊದಲೇ ವಿದೇಶಿ ಹಣಕ್ಕೆ ಬರಗಾಲ. ಅದಕ್ಕೇ 1959ರಲ್ಲಿ ಗಲ್ಫ್‌ಗೆ ಅಂತಲೇ ಬೇರೆ ಬಣ್ಣದ ನೋಟು ಹೊರಡಿಸಿದರು. ನಂಬರಿನ ಮುಂದೆ 'ಝಡ್' ಅಕ್ಷರ. ಇಲ್ಲಿನ ಅಂಗಡಿಯಲ್ಲಿ ಅದು ನಡೆಯುತ್ತಿರಲಿಲ್ಲ.

1961ರಲ್ಲಿ ಕುವೈತ್ ತನ್ನದೇ ದಿನಾರ್ ತಂದಿತು. ಒಂದು ದಿನಾರ್ ಅಂದರೆ ಒಂದು ಪೌಂಡ್, ಅಂದರೆ ಆಗಿನ 13 ರೂಪಾಯಿ ಚಿಲ್ಲರೆ. ಕುವೈತ್ ದಿನಾರ್ ಜಗತ್ತಿನಲ್ಲೇ ದುಬಾರಿ ಅಂತ ಬಾಯಿಬಿಡುವವರು ಇದನ್ನು ಗಮನಿಸಬೇಕು. ಹುಟ್ಟುವಾಗಲೇ ಅದು ದೊಡ್ಡ ಅಳತೆಯ ನಾಣ್ಯ. ಜಪಾನಿನ ಒಂದು ಯೆನ್‌ಗೆ ನಮ್ಮ ಒಂದು ರೂಪಾಯಿಯೂ ಬರುವುದಿಲ್ಲ, ಹಾಗಂತ ಜಪಾನ್ ಬಡ ದೇಶವಾ?

1965ರಲ್ಲಿ ಬಹ್ರೇನ್ ಕೂಡ ಕೈಬಿಟ್ಟಿತು. ಉಳಿದವರಿಗೆ ಪೆಟ್ಟು ಬಿದ್ದದ್ದು 1966ರ ಜೂನ್ 6ಕ್ಕೆ. ಡಾಲರಿಗೆ 4.76 ಇದ್ದ ರೂಪಾಯಿಯನ್ನು ನಮ್ಮ ಸರ್ಕಾರ 7.50ಕ್ಕೆ ಇಳಿಸಿತು. ಯೋಚನೆ ಮಾಡಿ. ಕತಾರಿನ ದೋಹಾದ ವ್ಯಾಪಾರಿಯ ಪೆಟ್ಟಿಗೆಯ ದುಡ್ಡು ಸವೆಯುವ ಹಾಗೆ ತೀರ್ಮಾನ ಮಾಡಿದ್ದು ದೆಹಲಿ. ಅವನನ್ನು ಯಾರೂ ಕೇಳಲಿಲ್ಲ. ಕತಾರ್, ದುಬೈ ಅದೇ ವರ್ಷ ತಮ್ಮ ರಿಯಾಲ್ ಮಾಡಿಕೊಂಡವು. ಸರಿಯಾಗೇ ಮಾಡಿದವು ಬಿಡಿ, ನಾವಾಗಿದ್ದರೂ ಅದನ್ನೇ ಮಾಡುತ್ತಿದ್ದೆವು. ಒಮಾನ್ ಮಾತ್ರ 1970ರವರೆಗೆ ಎಳೆಯಿತು.

ಮಗಳು ಆ ನೋಟನ್ನು ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದಾಳೆ. ನಿಮ್ಮಲ್ಲಿ ಯಾರ ಅಜ್ಜನಾದರೂ ಆ ಕಾಲಕ್ಕೇ ಕುವೈತ್‌ಗೋ ಬಹ್ರೇನ್‌ಗೋ ಹೋಗಿದ್ದರೆ ಮನೆಯ ಹಳೇ ಟ್ರಂಕ್ ಒಮ್ಮೆ ತೆಗೆದು ನೋಡಿ. 'ಝಡ್' ಇರುವ ನೋಟು ಸಿಕ್ಕರೆ ಇಲ್ಲೊಂದು ಫೋಟೊ ಹಾಕಿ.