ಬಟವಾಡೆ ದಿನ ಈ ಲಾಗ್ ಕಾಟ

ಎಲ್ಲ ಸರಿಯಿದ್ದರೆ ಲಾಗ್ ಫೈಲ್, ಅಂದ್ರೆ ಸಾಫ್ಟ್‌ವೇರ್ ತಾನು ಮಾಡಿದ್ದನ್ನೆಲ್ಲ ಬರೆದಿಡೋ ಕಡತ, ಯಾರಿಗೆ ಬೇಕು ಹೇಳಿ? ಯಾರದೋ ಕೂಲಿ ಸೊನ್ನೆ ಅಂತ ಬಂದಾಗಲೇ ತಾನೇ ಅದನ್ನು ತೆಗೆಯೋದು! ಇವತ್ತು ಶನಿವಾರ, ಮೂಡಿಗೆರೆ ಕಡೆಯ ನಮ್ಮ ಕಾಫಿ ತೋಟದಲ್ಲಿ ಬಟವಾಡೆ. ಹೊರಗೆ ಕಣದ ಕಟ್ಟೆ ಮೇಲೆ ಎಲ್ಲರೂ ಕಾಯ್ತಾ ಕೂತಿದ್ದಾರೆ. ಕಿಟಕಿಯಲ್ಲಿ ಮೇಸ್ತ್ರಿ ಮುಖ: "ಆಯ್ತಾ ಸಾರ್?" ಒಳಗೆ ನಾನು, ಪೇರೋಲ್ ಸಾಫ್ಟ್‌ವೇರಿನ ಲಾಗ್ ಮುಂದೆ ತಲೆ ಚಚ್ಚಿಕೊಳ್ತಾ.

ಸಾಲು ಮುರಿಯೋದು ಅಂತ ಒಂದಿದೆ, ಇದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಹಾಜರಿ, ಕೂಲಿ, ಮುಂಗಡ, ಪಿಎಫ್ ಎಲ್ಲ ಒಂದೇ ಸಾಲಲ್ಲಿ, ಚಾರ್ಮಾಡಿ ಘಾಟಿ ಥರ, ಮುಗಿಯೋದೇ ಇಲ್ಲ. ತಾರೀಕು 03/04. ಏಪ್ರಿಲ್ ಮೂರೋ, ಮಾರ್ಚ್ ನಾಲ್ಕೋ? ಸಮಯವಂತೂ ಯುಟಿಸಿ, ಅಂದ್ರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರೋ ಜಾಗತಿಕ ಸಮಯ. ನಾನು ಬೆಳಿಗ್ಗೆ 10ಕ್ಕೆ ಲೆಕ್ಕ ಹಾಕಿದ್ದು ಇದರ ಪ್ರಕಾರ ನಸುಕಿನ 4:30ಕ್ಕೆ. ಅಷ್ಟೊತ್ತಿಗೆ ತೋಟದ ಕೋಳಿಯೂ ಎದ್ದಿರಲ್ಲ! 12% ಪಿಎಫ್ ಕಡಿತ 1799.9999999 ಅಂತೆ, ಆ ಉಳಿದ ಚೂರನ್ನು ಯಾರ ಕೈಗೆ ಕೊಡಲಿ? ಇನ್ನು ಕನ್ನಡದಲ್ಲಿ ಹಾಕಿದ ಹೆಸರುಗಳು. "????? ಕೂಲಿ ಲೆಕ್ಕ ವಿಫಲ." ಯಾರದ್ದು ಮಾರಾಯ? ಅದನ್ನೇ ಅಲ್ವಾ ನಾನೂ ಕೇಳ್ತಿರೋದು?

ಲಾಗ್ ಬರೆಯೋ ಫಾರ್ಮ್ಯಾಟ್ ನಮಗೆ ಬೇಕಾದಂಗೆ ಬದಲಾಯಿಸಿಕೊಳ್ಳಬಹುದಂತೆ. ಮಹಾ ಉಪಕಾರ. ಅದಕ್ಕೆ ಹಾಕಬೇಕಾದ ಶೇಕಡಾ ಚಿಹ್ನೆ, ಸೊಟ್ಟ ಬ್ರಾಕೆಟ್ಟು, ಒಂದು ಕಾಮಾ ಆಚೀಚೆಯಾದರೆ ಲಾಗ್ ಬರೋದೇ ನಿಂತುಹೋಗುತ್ತೆ. ಯಾಕೆ ನಿಂತಿತು ಅಂತ ಸಪೋರ್ಟಿಗೆ ಫೋನ್ ಮಾಡಿದರೆ, "ಸಾರ್, ಲಾಗ್ ನೋಡಿ ಹೇಳ್ತೀರಾ?"